ಬಾನುಲಿಯ ತನೂಕರಣ

ನನ್ನ ಬರವಣಿಗೆಯ ಮೇಜಿನ ಮೇಲೆ, ನಿಘಂಟುಗಳ ಸಾಲಿಗೆ ಒತ್ತಿಕೊಂಡು, ಅಂಗೈಯಗಲದ ಒಂದು ತಗಡಿನ ಪೆಟ್ಟಿಗೆ ಕುಳಿತಿದೆ. ಅದರ ಮೈಮೇಲೆ ಆರು ಸ್ವಿಚ್ಚುಗಳು. ಒಂದೊಂದರ ಕೆಳಗೂ ಒಂದೊಂದು ಅಂಕಿ: 1, 2, 3, 5, 10, 20. ಎರಡು ಕೊನೆಗಳಲ್ಲಿ ತಂತಿ ಸಿಕ್ಕಿಸುವುದಕ್ಕೆ ಎರಡು ಬಾಯಿಗಳು. ಮನೆಗೆ ಬರುವ ಸಾಹಿತ್ಯಮಿತ್ರರು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಕನ್ನಡ ಕಲಿಸಿದ ಮಾಸ್ತರನ ಮೇಜಿಗೆ ಇದೇಕೆ ಬಂತು ಎಂಬಂತೆ ನನ್ನ ಮುಖ ನೋಡುವುದುಂಟು. ಬೆಂಗಳೂರಿನಲ್ಲಿ ಇಂಜಿನಿಯರನಾಗಿರುವ ನನ್ನ ಅಕ್ಕನ ಮಗ ಅದನ್ನು ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡು, ರಜೆಗೆ ಬೆಲ್ಲದ ಬಾಗೇವಾಡಿಗೆ ಬಂದಾಗ ಜೊತೆಗೆ ತಂದಿದ್ದ. ಇದು ಏನು ಮಾಡುತ್ತದೆ ಎಂದು ಕೇಳಿದೆ.

"ಏನೂ ಮಾಡೂದಿಲ್ರಿ ಮಾಮಾ. ಬಂದದ್ದನ್ನ ಕಡಿಮಿ ಮಾಡಿ ಮುಂದ ಕಳಸತೈತಿ, ಅಷ್ಟ" ಎಂದ.

ನನಗೆ ನಗು ಬಂತು. ಎಲ್ಲವನ್ನೂ ಹೆಚ್ಚಿಸುವ ಯಂತ್ರಗಳ ಕಾಲದಲ್ಲಿ, ಕಡಿಮೆ ಮಾಡುವುದಕ್ಕೆಂದೇ ಒಬ್ಬನು ಯಂತ್ರ ಕಟ್ಟುವುದು, ಇನ್ನೊಬ್ಬನು ಹಣ ತೆತ್ತು ಅದನ್ನು ಕೊಳ್ಳುವುದು ವಿಚಿತ್ರವೆನಿಸಿತು. ಆದರೆ ಆ ರಜೆ ಮುಗಿಯುವ ವೇಳೆಗೆ ನನ್ನ ನಗೆ ಅಡಗಿತ್ತು. ನಮ್ಮ ಕನ್ನಡ ಬಾನುಲಿಯ ಚರಿತ್ರೆಯ ಒಂದು ಪುಟವನ್ನು, ಪುಸ್ತಕಗಳಲ್ಲಿ ನಾನು ಓದಿಯೂ ಅರಿಯದಿದ್ದ ಪುಟವನ್ನು, ಆ ಪೆಟ್ಟಿಗೆ ನನಗೆ ಓದಿಸಿತು. ಆ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಅದರ ಹೆಸರು ಅಟೆನ್ಯುಯೇಟರ್. ಕನ್ನಡದಲ್ಲಿ ಅದನ್ನು ಕ್ಷೀಣಕವೆನ್ನಬಹುದು. ಕ್ಷಯರೋಗದ ನೆನಪು ತರುವ ಆ ಪದ ನನಗೇಕೋ ಒಗ್ಗಲಿಲ್ಲ. ಇಂಗ್ಲಿಷ್ ಪದದ ಮೂಲವನ್ನು ಅರಸಿ ಹೋದೆ. ಲ್ಯಾಟಿನ್ನಿನಲ್ಲಿ 'ಟೆನುಯಿಸ್' ಎಂದರೆ ತೆಳುವಾದದ್ದು. ಅದು ನಮ್ಮ ಸಂಸ್ಕೃತದ 'ತನು' ಶಬ್ದದ ಸೋದರನೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕನ್ನಡದಲ್ಲಿ ತನುವೆಂದರೆ ದೇಹ ಎಂದಷ್ಟೇ ನಾವು ಅರ್ಥ ಮಾಡುತ್ತೇವೆ. ಸಂಸ್ಕೃತದಲ್ಲಿ ಅದಕ್ಕೆ ಕೃಶ, ಸೂಕ್ಷ್ಮ ಎಂಬ ಅರ್ಥಗಳೂ ಇವೆ. ಕವಿಗಳ 'ತನ್ವಿ' ಬಂದದ್ದು ಅಲ್ಲಿಂದಲೇ. ಮೂಲಧಾತು 'ತನ್', ಹಿಗ್ಗಿಸು, ಎಳೆ ಎಂದು ಅದರ ಅರ್ಥ. ಎಳೆದದ್ದು ತೆಳ್ಳಗಾಗುತ್ತದೆಯಲ್ಲವೆ? ತಂತು, ತಂತಿ ಎಂಬ ಮಾತುಗಳೂ ಅದೇ ಧಾತುವಿನವು. ಪತಂಜಲಿಯ ಯೋಗಸೂತ್ರಗಳಲ್ಲಿ ಕ್ಲೇಶಗಳನ್ನು ತೆಳುಮಾಡುವ ಸಾಧನೆಗೆ 'ತನೂಕರಣ' ಎಂಬ ಶಬ್ದವೇ ಬಂದಿದೆ. ನಾಶಮಾಡುವುದಲ್ಲ, ಅಳಿಸಿಹಾಕುವುದಲ್ಲ, ಇದ್ದದ್ದನ್ನು ಇದ್ದ ಹಾಗೆಯೇ ಉಳಿಸಿ ತೆಳುವಾಗಿಸುವುದು. ಪೆಟ್ಟಿಗೆ ಮಾಡುವುದು ಸರಿಯಾಗಿ ಇದನ್ನೇ. ಹಾಡು ಒಳಗೆ ಹೋದರೆ ಹಾಡೇ ಹೊರಗೆ ಬರುತ್ತದೆ, ಮಾತು ಹೋದರೆ ಮಾತೇ ಬರುತ್ತದೆ. ಬಲ ಮಾತ್ರ ಇಳಿದಿರುತ್ತದೆ.

ಏಕೆ ಇಳಿಸಬೇಕು? ಪ್ರಸಾರ ನಿಲಯದ ಗೋಪುರದ ಬುಡದಲ್ಲಿ ನಿಂತ ಬಾನುಲಿಯ ಏರಿಯಲ್ಲಿಗೆ ಒಂದು ವೋಲ್ಟಿನಷ್ಟೋ ಅದಕ್ಕಿಂತ ಹೆಚ್ಚೋ ವಿದ್ಯುತ್ತು ಸಿಕ್ಕಬಹುದು. ದೂರದ ಊರಿನ ನಿಲಯದಿಂದ ಅದೇ ಏರಿಯಲ್ಲಿಗೆ ಸಿಕ್ಕುವುದು ಒಂದು ವೋಲ್ಟಿನ ಹತ್ತು ಲಕ್ಷದ ಕೆಲವೇ ಪಾಲು. ಇವೆರಡನ್ನೂ ಒಂದೇ ಕಿವಿ ಕೇಳಬೇಕು. ಬಲವಾದದ್ದು ಒಳನುಗ್ಗಿದಾಗ ಗ್ರಾಹಕ ಯಂತ್ರದ ಮೊದಲ ಘಟ್ಟವೇ ಉಸಿರುಕಟ್ಟಿದಂತಾಗಿ, ಪಕ್ಕದಲ್ಲಿರುವ ಕ್ಷೀಣ ದನಿಗಳೆಲ್ಲ ಮುಳುಗಿಹೋಗುತ್ತವೆ. ಆಗ ಬಲವನ್ನು ತಗ್ಗಿಸದ ಹೊರತು ದುರ್ಬಲವಾದದ್ದು ಕೇಳಿಸದು. ಅಳತೆಯ ಕಾರಣವೂ ಒಂದಿದೆ. ಒಂದು ತರಂಗ ಎಷ್ಟು ಬಲಿಷ್ಠವೆಂದು ತಿಳಿಯಬೇಕಾದರೆ, ಗೊತ್ತಿರುವ ಪ್ರಮಾಣದಲ್ಲಿ ಅದನ್ನು ಇಳಿಸುತ್ತ ಹೋಗಿ, ಗೊತ್ತಿರುವ ಇನ್ನೊಂದಕ್ಕೆ ಸರಿಸಮನಾಗುವಲ್ಲಿ ನಿಲ್ಲಿಸುವುದು ಹಳೆಯ ಉಪಾಯ. ತಕ್ಕಡಿಯ ತೂಕದ ಕಲ್ಲುಗಳಿದ್ದಂತೆ ಈ ಸ್ವಿಚ್ಚುಗಳು.

ಆ ಅಂಕಿಗಳು ಡೆಸಿಬೆಲ್ಲುಗಳು. ಈ ಮಾನದ ಹುಟ್ಟು ನನಗೆ ಬಹಳ ಹಿಡಿಸಿತು. ಅಮೆರಿಕದ ಟೆಲಿಫೋನ್ ಇಂಜಿನಿಯರರು ಮೊದಲು ತಂತಿಯಲ್ಲಿ ಸಾಗುವ ಮಾತಿನ ನಷ್ಟವನ್ನು ಮೈಲಿಗಳಲ್ಲಿ ಅಳೆಯುತ್ತಿದ್ದರಂತೆ. ಇಂಥ ದಪ್ಪದ ತಂತಿಯ ಒಂದು ಮೈಲಿ ನಡೆದರೆ ಮಾತು ಎಷ್ಟು ಸೊರಗುತ್ತದೋ ಅದು ಒಂದು ಮಾನ. ಎಂದರೆ ದನಿಯ ಬಳಲಿಕೆಯನ್ನು ದಾರಿಯ ಉದ್ದದಿಂದ ಹೇಳುವುದು. ನಮ್ಮ ಹಿರಿಯರು ದೂರವನ್ನು ಕೂಗಳತೆಯಿಂದ ಹೇಳುತ್ತಿದ್ದರಲ್ಲ, ಅದರ ತಿರುವುಮುರುವು. 1920ರ ದಶಕದಲ್ಲಿ ಆ ಮೈಲಿಯ ಲೆಕ್ಕವನ್ನು ಬಿಟ್ಟು ಶುದ್ಧ ಗಣಿತದ ಮಾನವೊಂದನ್ನು ತಂದರು. ದಶಕದ ಕೊನೆಗೆ ಅದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರು ಅಂಟಿತು. ಅದರ ಲೆಕ್ಕ ಕೂಡಿಸಿ ಕಳೆಯುವ ಲೆಕ್ಕವಲ್ಲ, ಗುಣಿಸಿ ಭಾಗಿಸುವ ಲೆಕ್ಕ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತು. 10 ಇಳಿದರೆ ಹತ್ತರಲ್ಲೊಂದು ಉಳಿಯಿತು. 20 ಇಳಿದರೆ ನೂರರಲ್ಲೊಂದು, 30 ಇಳಿದರೆ ಸಾವಿರದಲ್ಲೊಂದು. ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ ಕಂಪನ ಇಮ್ಮಡಿ, ಮಧ್ಯದಿಂದ ತಾರಕ್ಕೆ ಮತ್ತೆ ಇಮ್ಮಡಿ; ಆದರೆ ಕಿವಿಗೆ ಅವೆರಡೂ ಒಂದೇ ಎತ್ತರದ ಮೆಟ್ಟಿಲುಗಳು.

ಪೆಟ್ಟಿಗೆಯನ್ನು ಬಿಚ್ಚಿ ತೋರಿಸೆಂದೆ. ಒಳಗೆ ಆರು ಕೋಣೆಗಳು, ನಡುವೆ ತಗಡಿನ ಗೋಡೆಗಳು. ಗೋಡೆಗಳಿಲ್ಲದಿದ್ದರೆ ರೇಡಿಯೋ ತರಂಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾರಿ, ಇಳಿಸಿದ್ದೆಲ್ಲ ಸುಳ್ಳಾಗುತ್ತದೆ. ಒಂದೊಂದು ಕೋಣೆಯಲ್ಲೂ ಮೂರು ಪುಟ್ಟ ರೋಧಕಗಳು, ಎರಡು ಕಂಬ ಒಂದು ತೊಲೆ ಎಂಬಂತೆ ಜೋಡಿಸಿದವು. ಹತ್ತರ ಕೋಣೆಯಲ್ಲಿ ಕಂಬಗಳು ಸುಮಾರು 96 ಓಮ್, ತೊಲೆ 71 ಓಮ್. ಕಡಿಮೆ ಮಾಡುವುದಕ್ಕೆ ಒಂದೇ ರೋಧಕ ಸಾಲದೆ ಎಂದು ನಾನು ಕೇಳಿದ್ದಕ್ಕೆ ಅವನು ಕಾಲುವೆಯ ಮಾತನ್ನೆತ್ತಿದ. ಕಾಲುವೆಗೆ ಹಠಾತ್ತನೆ ಹಲಗೆ ಅಡ್ಡ ಇಟ್ಟರೆ ನೀರು ಹಿಂದಕ್ಕೆ ಅಲೆಯೆದ್ದು ಬರುವಂತೆ, ತರಂಗವೂ ಹೊಂದಿಕೆಯಿಲ್ಲದ ತಡೆಗೆ ಬಡಿದರೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಈ ಮೂರರ ಜೋಡಣೆಯಲ್ಲಿ ಯಾವ ಕಡೆಯಿಂದ ನೋಡಿದರೂ ತಡೆ 50 ಓಮ್ ಆಗಿಯೇ ಕಾಣುತ್ತದೆ. ತರಂಗಕ್ಕೆ ತಾನು ತಡೆಯಲ್ಪಟ್ಟೆನೆಂಬ ಅರಿವೇ ಇರುವುದಿಲ್ಲ. ಘಟಪ್ರಭೆಯ ನೀರು ಕುಡಿದು ಬೆಳೆದ ನಮಗೆ, ಬ್ರಿಟಿಷರ ಕಾಲದ ಧೂಪದಾಳದ ಅಣೆಯನ್ನೂ ಆಮೇಲಿನ ಹಿಡಕಲ್ ಜಲಾಶಯದ ಬಾಗಿಲುಗಳನ್ನೂ ಕಂಡವರಿಗೆ, ಈ ಹೋಲಿಕೆ ಬೇಗನೆ ತಲೆಗೆ ಹತ್ತಿತು.

ಈ ವಿದ್ಯೆಯ ಆರಂಭವನ್ನು ಹುಡುಕಿದಾಗ ನಾನು ಮುಟ್ಟಿದ್ದು ಅಮೆರಿಕವನ್ನಲ್ಲ, ಕಲ್ಕತ್ತೆಯನ್ನು. ಜಗದೀಶಚಂದ್ರ ಬೋಸರನ್ನು ನಾವು ಗಿಡಗಳಿಗೆ ಜೀವವುಂಟೆಂದು ತೋರಿಸಿದವರೆಂದಷ್ಟೇ ಶಾಲೆಯ ಪಾಠದಲ್ಲಿ ಓದಿದ್ದೇವೆ. ಅದಕ್ಕೆ ಮೊದಲು ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯುತ್ ತರಂಗಗಳ ಮೇಲೆ ಮಾಡಿದ ಕೆಲಸ ಇಂದಿನ ವಿಜ್ಞಾನಿಗಳನ್ನೂ ಬೆರಗುಗೊಳಿಸುತ್ತದೆ. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಅವರು ಗೋಡೆಗಳಾಚೆಗೆ ತರಂಗ ಕಳುಹಿಸಿ ಗಂಟೆ ಬಾರಿಸಿದರು, ಮದ್ದಿನ ಪುಡಿ ಹೊತ್ತಿಸಿದರು. ಅವರ ತರಂಗಗಳು ಬಹಳ ಗಿಡ್ಡ; ಕೆಲವು ಐದು ಮಿಲಿಮೀಟರಿನಷ್ಟೇ ಉದ್ದದವು. ಅವುಗಳನ್ನು ಪರೀಕ್ಷಿಸುವುದಕ್ಕೆ ಬೇಕಾದ ಉಪಕರಣಗಳನ್ನೆಲ್ಲ ತಾವೇ ಕಟ್ಟಿಕೊಂಡರು. 1897ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಗಾಜಿನ ಎರಡು ಪಟ್ಟಕಗಳನ್ನು ಎದುರುಬದುರಾಗಿಟ್ಟು ನಡುವೆ ಗಾಳಿಯ ತೆಳ್ಳನೆಯ ಬಿರುಕು ಬಿಟ್ಟರು. ಬಿರುಕು ಅಗಲವಾಗಿದ್ದರೆ ತರಂಗವೆಲ್ಲ ಮೊದಲ ಪಟ್ಟಕದೊಳಗೇ ಪ್ರತಿಫಲಿಸಿ ಬೇರೆ ದಿಕ್ಕಿಗೆ ಹೊರಳುತ್ತದೆ. ಬಿರುಕನ್ನು ಕಿರಿದು ಮಾಡುತ್ತ ಬಂದರೆ ತರಂಗದ ಒಂದು ಪಾಲು ನುಸುಳಿ ಆಚೆಯ ಪಟ್ಟಕವನ್ನು ಸೇರುತ್ತದೆ. ಎಷ್ಟು ಕಿರಿದೋ ಅಷ್ಟು ಹೆಚ್ಚು ಪಾಲು. ಬೆಳಕಿನಲ್ಲಿ ಇದನ್ನು ಮಾಡಬೇಕಾದರೆ ಬಿರುಕು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿರಬೇಕು. ಬೋಸರ ತರಂಗಗಳಿಗೆ ಕೈಯಿಂದ ಸರಿಸಿ ಅಳೆಯಬಹುದಾದಷ್ಟು ಬಿರುಕು ಸಾಕು. ಬೇಕಾದಂತೆ ಹೊಂದಿಸಿ ತರಂಗದ ಬಲವನ್ನು ತಗ್ಗಿಸುವ ಸಾಧನಗಳಲ್ಲಿ ಇದು ಆದಿಮವಾದವುಗಳ ಸಾಲಿಗೆ ಸೇರುತ್ತದೆ. ನೂರು ವರ್ಷಗಳ ತರುವಾಯ, 1990ರ ದಶಕದಲ್ಲಿ, ಅಮೆರಿಕದ ಅರಿಝೋನಾದಲ್ಲಿದ್ದ 12 ಮೀಟರ್ ರೇಡಿಯೋ ದೂರದರ್ಶಕದ ಗ್ರಾಹಕವೊಂದರಲ್ಲಿ ಇದೇ ಜೋಡಿ ಪಟ್ಟಕದ ತತ್ತ್ವವನ್ನು ಬಳಸಿಕೊಂಡರು.

ಪುಸ್ತಕಪ್ರಿಯರಿಗಾಗಿ ಒಂದು ಮಾತು ಸೇರಿಸುತ್ತೇನೆ. ತರಂಗದ ಕಂಪನದ ದಿಕ್ಕನ್ನು ಸೋಸುವ ಸಾಧನವೊಂದು ಬೋಸರಿಗೆ ಬೇಕಾಗಿತ್ತು. ಅದಕ್ಕಾಗಿ ಅವರು ಬ್ರಾಡ್‌ಷಾ ಕಂಪನಿಯ ರೈಲ್ವೆ ವೇಳಾಪಟ್ಟಿಯ ಪುಸ್ತಕವನ್ನು ತೆಗೆದುಕೊಂಡು ಹಾಳೆ ಹಾಳೆಗಳ ನಡುವೆ ತವರದ ತಗಡಿನ ಹಾಳೆ ಸೇರಿಸಿಟ್ಟರು. ಹಾಳೆಗಳಿಗೆ ಸಮಾನಾಂತರವಾಗಿ ಕಂಪಿಸುವ ತರಂಗಕ್ಕೆ ಪುಸ್ತಕ ಅಡ್ಡ ನಿಲ್ಲುತ್ತದೆ, ಅಡ್ಡಲಾಗಿ ಕಂಪಿಸುವುದಕ್ಕೆ ದಾರಿ ಬಿಡುತ್ತದೆ. ಪುಸ್ತಕವನ್ನು ತಿರುಗಿಸಿದಂತೆ ಹಾಯುವ ಬಲ ಏರಿಳಿಯುತ್ತದೆ. ರೈಲುಗಳ ಪುಸ್ತಕ ಹೀಗೂ ಒಂದು ಸಂಚಾರವನ್ನು ನಿಯಂತ್ರಿಸಿತು.

ಇನ್ನು ಬಾನುಲಿಯ ಮಾತಿಗೆ ಬರೋಣ. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯ ಆರಂಭವಾಯಿತು. ಅದರ ಪ್ರಸಾರ ಯಂತ್ರದ ಶಕ್ತಿ ಒಂದೂವರೆ ಕಿಲೋವ್ಯಾಟ್. ಆ ಕಾಲದ ಅನೇಕ ಬಾನುಲಿ ಪೆಟ್ಟಿಗೆಗಳಲ್ಲಿ ದನಿ ತಗ್ಗಿಸುವ ಗುಂಡಿ ಏರಿಯಲ್ಲಿನ ಬಾಯಲ್ಲೇ ಇರುತ್ತಿತ್ತು. ಕೇಳುಗನು ಇಂದಿನಂತೆ ಮಾತಿನ ದನಿಯನ್ನಲ್ಲ, ಒಳಬರುವ ತರಂಗವನ್ನೇ ಹಿಡಿತದಲ್ಲಿಡಬೇಕು. ಹತ್ತಿರದ ನಿಲಯಕ್ಕೆ ಒಂದು, ದೂರದ್ದಕ್ಕೆ ಇನ್ನೊಂದು ಎಂದು ಸ್ವಿಚ್ಚು ಇಟ್ಟ ಪೆಟ್ಟಿಗೆಗಳೂ ಇದ್ದವು. ಆದ್ದರಿಂದ ಬಾನುಲಿ ಕೇಳುವುದು ಒಂದು ಕೈಗೆಲಸವೇ ಆಗಿತ್ತು. ಎಡಗೈ ನಿಲಯ ಹುಡುಕಬೇಕು, ಬಲಗೈ ಅದನ್ನು ಪಳಗಿಸಬೇಕು. ಹೆರಾಲ್ಡ್ ವ್ಹೀಲರ್ ಎಂಬ ಅಮೆರಿಕದ ತರುಣ ಇಂಜಿನಿಯರ್ 1920ರ ದಶಕದ ನಡುವೆ ಒಂದು ಉಪಾಯ ಹೂಡಿದ. ಬಂದ ತರಂಗದ ಬಲವನ್ನು ಯಂತ್ರವೇ ಅಳೆದುಕೊಂಡು, ಹೆಚ್ಚಾದರೆ ತನ್ನ ವರ್ಧನೆಯನ್ನು ತಾನೇ ಇಳಿಸಿಕೊಳ್ಳುವ ಏರ್ಪಾಡು ಅದು. ಮುಂದೆ ಅದು ಎಲ್ಲ ಬಾನುಲಿಗಳಲ್ಲಿ ಸೇರಿತು. ಕೇಳುಗನ ಬಲಗೈಗೆ ವಿಶ್ರಾಂತಿ ಸಿಕ್ಕಿತು. ಆದರೆ ನಿಲಯ ಹತ್ತಿರದ್ದೋ ದೂರದ್ದೋ, ಬಲವಾದದ್ದೋ ಬಡವಾದದ್ದೋ ಎಂಬುದು ಕೇಳುಗನಿಂದ ಮರೆಯಾದದ್ದೂ ಅಂದಿನಿಂದಲೇ.

ಮೈಸೂರಿನ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಆರಂಭಿಸಿದರು. ಅವರ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ಆ ಯಂತ್ರದ ಶಕ್ತಿ 30 ವ್ಯಾಟ್ ಮಾತ್ರ ಎಂಬ ಮಾತನ್ನು ನಾನು ಹತ್ತಾರು ಸಲ ಓದಿ, ತರಗತಿಯಲ್ಲಿ ಹೇಳಿ, ಅದರ ಮೇಲೆ ಒಂದು ಕ್ಷಣವೂ ನಿಂತಿರಲಿಲ್ಲ. ಮೂವತ್ತು ವ್ಯಾಟ್ ಎಂದರೆ ಹಳೆಯ ಕಾಲದ ಸಣ್ಣದೊಂದು ದೀಪದ ಬುರುಡೆಗೆ ಬೇಕಾದಷ್ಟು ವಿದ್ಯುತ್ತು. ಮುಂಬಯಿಯ ಯಂತ್ರ ಅದರ ಐವತ್ತರಷ್ಟು. ನನ್ನ ಪೆಟ್ಟಿಗೆಯ ಭಾಷೆಯಲ್ಲಿ ಹೇಳುವುದಾದರೆ ಮೈಸೂರಿಗೂ ಮುಂಬಯಿಗೂ 17 ಡೆಸಿಬೆಲ್ಲಿನ ಅಂತರ; ಹತ್ತು, ಐದು, ಎರಡು ಎಂಬ ಮೂರು ಸ್ವಿಚ್ಚುಗಳು.

ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಪ್ರಾಂತಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಕನ್ನಡದ ಆಕಾಶವಾಣಿ ಮೈಸೂರಿನಲ್ಲಿ ಮಾತನಾಡುತ್ತಿತ್ತು, ನಾವು ಆಡಳಿತದಲ್ಲಿಯೂ ಆಕಾಶದಲ್ಲಿಯೂ ಮುಂಬಯಿಗೆ ಸೇರಿದ್ದೆವು. ಏಕೀಕರಣದ ಚರಿತ್ರೆ ಬರೆದವರು ಸಭೆಗಳನ್ನು, ನಿರ್ಣಯಗಳನ್ನು, ಪತ್ರಿಕೆಗಳನ್ನು, ಸೆರೆಮನೆಗಳನ್ನು ಲೆಕ್ಕವಿಟ್ಟಿದ್ದಾರೆ. ಯಾವ ಊರಿನಲ್ಲಿ ಯಾವ ದನಿ ಎಷ್ಟು ಬಲವಾಗಿ ಕೇಳುತ್ತಿತ್ತೆಂಬುದನ್ನು ಯಾರೂ ಬರೆದಂತಿಲ್ಲ. ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ರಾಜ್ಯ ಒಂದಾಗುವುದಕ್ಕೆ ಆರು ವರ್ಷ ಮೊದಲು. ಗೋಕಾಕ, ಹುಕ್ಕೇರಿಗಳ ಹಳ್ಳಿಗಳಿಗೆ ನಮ್ಮದೇ ಮಾತಿನ ನಿಲಯವೊಂದು ಹತ್ತಿರಕ್ಕೆ ಬಂದದ್ದು ಆಗ. ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು, ಎನ್ಕೆಯವರು ಅಲ್ಲಿ ದುಡಿದರು ಎಂಬುದೆಲ್ಲ ಸಾಹಿತ್ಯ ಚರಿತ್ರೆಗೆ ಸೇರಿದ ಸಂಗತಿ. ಮುಂದೆ ಧಾರವಾಡದ ಮಧ್ಯಮ ತರಂಗದ ಯಂತ್ರ 765 ಕಿಲೋಹರ್ಟ್ಸಿನಲ್ಲಿ 200 ಕಿಲೋವ್ಯಾಟಿನ ಶಕ್ತಿಗೆ ಏರಿತು.

ನನ್ನ ಬಾಲ್ಯದ ಬಾನುಲಿ ಧಾರವಾಡವೇ. ಆದರೆ ಗಡಿನಾಡಿನ ಆಕಾಶ ಒಂದೇ ಭಾಷೆಯದಲ್ಲ. ನಮ್ಮೂರಿಗೆ ಧಾರವಾಡಕ್ಕಿಂತ ಸಾಂಗ್ಲಿ ಹತ್ತಿರ. ಅಲ್ಲಿಯ ಮರಾಠಿ ನಿಲಯ 1963ರಲ್ಲಿ ಆರಂಭವಾಗಿತ್ತು. ರಾತ್ರಿಯಾದರೆ ದೂರದೂರದ ನಿಲಯಗಳೆಲ್ಲ ಮೇಲಿನ ವಾಯುಮಂಡಲಕ್ಕೆ ಬಡಿದು ಇಳಿದು ಬಂದು ಒಂದರ ಮೇಲೊಂದು ಬೀಳುತ್ತಿದ್ದವು. ನಮ್ಮ ತಂದೆಯವರು ಗೂಡಿನಲ್ಲಿದ್ದ ಟ್ರಾನ್ಸಿಸ್ಟರನ್ನು ತುಸು ಎಡಕ್ಕೆ, ತುಸು ಬಲಕ್ಕೆ ತಿರುಗಿಸುತ್ತ, ಒಂದು ಕೋನದಲ್ಲಿ ನಿಲ್ಲಿಸಿ, "ಈಗ ಸುಮ್ಮನ ಕೂಡ್ರಿ" ಎನ್ನುತ್ತಿದ್ದರು. ಅವರು ಧಾರವಾಡದ ಕಡೆಗೆ ಅದರ ಮುಖ ತಿರುಗಿಸುತ್ತಾರೆಂದು ನಾವು ತಿಳಿದಿದ್ದೆವು. ನಿಜಸಂಗತಿ ಬೇರೆ ಎಂದು ಅಳಿಯ ಹೇಳಿದ ಮೇಲೆಯೇ ತಿಳಿದದ್ದು. ಟ್ರಾನ್ಸಿಸ್ಟರಿನೊಳಗೆ ತಂತಿ ಸುತ್ತಿದ ಫೆರೈಟ್ ದಂಡವೊಂದಿರುತ್ತದೆ. ಅದರ ತುದಿ ಯಾವ ನಿಲಯದ ಕಡೆಗಿದೆಯೋ ಆ ನಿಲಯ ಸೊರಗುತ್ತದೆ. ಬೇಕಾದ ದನಿಯನ್ನು ಹೆಚ್ಚಿಸುವ ಉಪಾಯ ತಂದೆಯವರ ಕೈಯಲ್ಲಿರಲಿಲ್ಲ. ಮೇಲೆ ಬಿದ್ದ ದನಿಯನ್ನು ತಗ್ಗಿಸುವ ಉಪಾಯ ಇತ್ತು, ಅದನ್ನು ಕೈ ತಾನಾಗಿ ಕಂಡುಕೊಂಡಿತ್ತು. ಒಂದು ನಾಟ್ಯಗೀತೆ ಇಷ್ಟವಾದ ದಿನ ಅದೇ ಕೈ ಪೆಟ್ಟಿಗೆಯನ್ನು ಸಾಂಗ್ಲಿಗೆ ಅನುಕೂಲವಾಗಿ ತಿರುಗಿಸುತ್ತಿತ್ತೆಂಬುದನ್ನೂ ಹೇಳಬೇಕು. ಗಡಿಯ ಜಗಳ ನಮ್ಮ ಗೂಡಿನವರೆಗೆ ಬಂದಿರಲಿಲ್ಲ.

ಈ ಅಳೆದು ತಗ್ಗಿಸುವ ವಿದ್ಯೆಯನ್ನು ಕನ್ನಡ ನೆಲದಲ್ಲಿ ಶಾಸ್ತ್ರವಾಗಿ ಬೆಳೆಸಿದವರಲ್ಲಿ ಒಬ್ಬ ಕನ್ನಡ ಹೆಣ್ಣುಮಗಳನ್ನು ಹೆಸರಿಸಲೇಬೇಕು. ನಮ್ಮ ಪತ್ರಿಕೆಗಳು, ಸಾಹಿತ್ಯ ಸಭೆಗಳು ಅವರನ್ನು ತಕ್ಕಷ್ಟು ನೆನೆದಿಲ್ಲವೆಂಬ ಕೊರಗು ನನಗಿದೆ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿಯವರು ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನ ಸಹಾಯಕರಾದರು. ಸ್ವಾತಂತ್ರ್ಯದ ವರ್ಷ ಒಬ್ಬರೇ ಹಡಗೇರಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತ, 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ, ರೇಡಿಯೋ ಆವರ್ತನಗಳ ಅಳತೆಯ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ ಪಡೆದರು. 1953ರಲ್ಲಿ ಡಾಕ್ಟರೇಟ್ ಪದವಿಯೊಡನೆ ಹಿಂದಿರುಗಿ ವಿಜ್ಞಾನ ಮಂದಿರದಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ, ಗಂಡಹೆಂಡಿರಿಬ್ಬರೂ ಕೂಡಿ ಅಲ್ಲಿ ಸೂಕ್ಷ್ಮತರಂಗಗಳ ಸಂಶೋಧನಾಲಯ ಕಟ್ಟಿದರು. ರಾಜೇಶ್ವರಿ ಚಟರ್ಜಿಯವರು 1982ರಲ್ಲಿ ನಿವೃತ್ತರಾಗುವ ವೇಳೆಗೆ ಇಪ್ಪತ್ತರಷ್ಟು ವಿದ್ಯಾರ್ಥಿಗಳು ಅವರ ಕೈಕೆಳಗೆ ಡಾಕ್ಟರೇಟ್ ಪಡೆದಿದ್ದರು. 2010ರಲ್ಲಿ ಅವರು ತೀರಿಕೊಂಡರು.

ಸೂಕ್ಷ್ಮತರಂಗಗಳ ಲೋಕದಲ್ಲಿ ತಂತಿಗೆ ಬದಲಾಗಿ ಚೌಕನೆಯ ಲೋಹದ ಕೊಳವೆ ಇರುತ್ತದೆ. ಅಲ್ಲಿ ತಗ್ಗಿಸುವ ಸಾಧನದ ರೂಪವೂ ಬೇರೆ. ಕೊಳವೆಯ ಮೇಲ್ಮೈಯ ಸೀಳಿನಿಂದ ತರಂಗವನ್ನು ಹೀರುವ ತೆಳುಹಲಗೆಯೊಂದನ್ನು ಒಳಗಿಳಿಸುವುದು ಒಂದು ಬಗೆ. ದುಂಡು ಕೊಳವೆಯೊಳಗೆ ಅಂಥ ಹಲಗೆಯನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸುವುದು ಇನ್ನೊಂದು ಬಗೆ. ಇದರಲ್ಲಿ ಎಷ್ಟು ತಗ್ಗಿತೆಂಬುದು ತಿರುಗಿಸಿದ ಕೋನವನ್ನಷ್ಟೇ ಅವಲಂಬಿಸುತ್ತದೆ. 45 ಅಂಶ ತಿರುಗಿಸಿದರೆ 6 ಡೆಸಿಬೆಲ್, 60 ಅಂಶಕ್ಕೆ 12. ಮೂರನೆಯದು ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡಿತು. ತರಂಗ ಹಾಯಲಾರದಷ್ಟು ಸಣ್ಣ ಕೊಳವೆಯೊಳಗೆ ಒಂದು ಕೊಂತವನ್ನು ಹಿಂದಕ್ಕೆಳೆಯುತ್ತ ಹೋಗುವುದು. ಒಂದೊಂದು ಅಂಗುಲ ಎಳೆದಾಗಲೂ ಅದೇ ಪ್ರಮಾಣದಲ್ಲಿ ದನಿ ಕುಗ್ಗುತ್ತದೆ. ಎಂದರೆ ಅಳತೆಪಟ್ಟಿಯಿಂದಲೇ ದನಿಯ ನಷ್ಟವನ್ನು ಅಳೆಯಬಹುದು. ವಾಷಿಂಗ್ಟನ್ನಿನ ಮಾನಕ ಸಂಸ್ಥೆ ಇಂಥ ಕೊಳವೆಯನ್ನೇ ಪ್ರಮಾಣವಾಗಿ ಇಟ್ಟುಕೊಂಡಿತ್ತು. ಟೆಲಿಫೋನಿನವರು ಬಿಟ್ಟುಕೊಟ್ಟ ಮೈಲಿಯ ಲೆಕ್ಕ ಅಂಗುಲದ ರೂಪದಲ್ಲಿ ಮರಳಿ ಬಂದಿತು ಎನ್ನೋಣವೆ?

ಹವ್ಯಾಸಿ ರೇಡಿಯೋದವರಲ್ಲಿ ಒಂದು ಆಟ ಉಂಟು. ನರಿಬೇಟೆ ಎಂದು ಅದರ ಹೆಸರು. ಪೊದೆಯಲ್ಲೋ ಬಂಡೆಯ ಮರೆಯಲ್ಲೋ ಬಚ್ಚಿಟ್ಟ ಪುಟ್ಟ ಪ್ರಸಾರ ಯಂತ್ರವನ್ನು ದಿಕ್ಕು ತೋರುವ ಏರಿಯಲ್ ಹಿಡಿದು ಹುಡುಕುವುದು. ಅಳಿಯ ಬೆಂಗಳೂರಿನಲ್ಲಿ ಈ ಆಟಕ್ಕೆ ಹೋಗುತ್ತಿದ್ದನಂತೆ, ಪೆಟ್ಟಿಗೆ ಕೊಂಡದ್ದೂ ಅದಕ್ಕಾಗಿಯೇ. ದೂರದಲ್ಲಿದ್ದಾಗ ನರಿಯ ದಿಕ್ಕು ಸುಲಭವಾಗಿ ಸಿಕ್ಕುತ್ತದೆ. ಹತ್ತಿರ ಹೋದಂತೆ ಮುಳ್ಳು ಎಲ್ಲ ದಿಕ್ಕಿನಲ್ಲೂ ತುದಿಗೆ ಬಡಿದು ನಿಲ್ಲುತ್ತದೆ, ಎತ್ತ ತಿರುಗಿದರೂ ನರಿ ಅಲ್ಲೇ ಇದ್ದಂತೆ. ಆಗ ಒಂದೊಂದೇ ಸ್ವಿಚ್ಚು ಹಾಕಿ ದನಿಯನ್ನು ಇಳಿಸುತ್ತ ಮುಂದುವರಿಯಬೇಕು. ಹೊಸಬರು ಸೋಲುವುದು ಕೊನೆಯ ಐವತ್ತು ಹೆಜ್ಜೆಗಳಲ್ಲಂತೆ.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಮೈಸೂರಿನ 30 ವ್ಯಾಟ್, ಧಾರವಾಡದ 200 ಕಿಲೋವ್ಯಾಟ್. ಒಂದಕ್ಕಿಂತ ಇನ್ನೊಂದು ಆರು ಸಾವಿರದ ಆರುನೂರು ಪಾಲಿಗಿಂತ ಹೆಚ್ಚು. ಡೆಸಿಬೆಲ್ಲಿಗೆ ಇಳಿಸಿದರೆ 38ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಪೆಟ್ಟಿಗೆಯ ಅಂಕಿಗಳನ್ನು ನೋಡಿದೆ: ಇಪ್ಪತ್ತು, ಹತ್ತು, ಐದು, ಮೂರು. ಕೂಡಿಸಿದರೆ 38. ಆರು ಸ್ವಿಚ್ಚುಗಳಲ್ಲಿ ನಾಲ್ಕನ್ನು ಹಾಕಿದರೆ ಧಾರವಾಡ ಮೈಸೂರಾಗುತ್ತದೆ! ತರಂಗದ ಉದ್ದ, ಏರಿಯಲ್ಲಿನ ಎತ್ತರ, ನೆಲದ ಗುಣ ಇವುಗಳಲ್ಲಿಯ ವ್ಯತ್ಯಾಸವನ್ನೆಲ್ಲ ಬದಿಗಿಟ್ಟ ಒರಟು ಲೆಕ್ಕ ಇದು, ಬಲ್ಲವರು ಮನ್ನಿಸಬೇಕು. ಆದರೂ ನನಗೆ ಮೈ ನವಿರೆದ್ದಿತು. ಶಾಸನ, ಹಸ್ತಪ್ರತಿಗಳಲ್ಲಿ ಹಳೆಯ ಕಾಲವನ್ನು ಕಣ್ಣಿನಿಂದ ಓದಿದ್ದೆ. ಕಿವಿಯಿಂದ ಹಿಂದಕ್ಕೆ ಹೋಗುವ ದಾರಿ ಕಂಡಿರಲಿಲ್ಲ. ಗೋಪಾಲಸ್ವಾಮಿಯವರ ಯಂತ್ರ 1935ರಲ್ಲಿ ಧಾರವಾಡದಲ್ಲಿ ಇದ್ದಿದ್ದರೆ ನಮ್ಮೂರಿನಲ್ಲಿ ಅದು ಹೇಗೆ ಕೇಳುತ್ತಿತ್ತು?

ಮೊದಲ ದಿನದ ಪ್ರಯತ್ನ ವ್ಯರ್ಥವಾಯಿತು. ಮನೆಯ ಟ್ರಾನ್ಸಿಸ್ಟರಿಗೆ ಪೆಟ್ಟಿಗೆ ಜೋಡಿಸಿ ಎಲ್ಲ ಸ್ವಿಚ್ಚು ಹಾಕಿದರೂ ದನಿ ಕುಗ್ಗಲಿಲ್ಲ. ಒಳಗಿನ ಫೆರೈಟ್ ದಂಡ ಪೆಟ್ಟಿಗೆಯ ಹಂಗಿಲ್ಲದೆ ನೇರವಾಗಿ ತರಂಗವನ್ನು ಹಿಡಿಯುತ್ತಿತ್ತು. ಮುಂದಿನ ರಜೆಗೆ ಅಳಿಯ ಲೋಹದ ಕವಚದ, ಹೊರಗಿನ ಏರಿಯಲ್ಲಿನಿಂದಷ್ಟೇ ಕೇಳುವ ಗ್ರಾಹಕವೊಂದನ್ನು ಸ್ನೇಹಿತರಿಂದ ಎರವಲು ತಂದ. ಮಾಳಿಗೆಯ ಮೇಲೆ ತಂತಿ ಎಳೆದೆವು. ಮಧ್ಯಾಹ್ನದ ಹೊತ್ತನ್ನೇ ಆರಿಸಿಕೊಂಡೆವು, ರಾತ್ರಿಯ ಪರಸ್ಥಳದ ದನಿಗಳು ಬಾರದಿರಲೆಂದು. ಕರೆಂಟು ಹೋಗುವುದನ್ನು ಕಾದೆವು. ಪಂಪು, ಮೋಟಾರುಗಳೆಲ್ಲ ನಿಂತು ಊರಿನ ಆಕಾಶ ನಿಶ್ಶಬ್ದವಾಗುವುದು ಆಗಲೇ. ಗ್ರಾಹಕ ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

ಧಾರವಾಡ ಸ್ವಚ್ಛವಾಗಿ ಬಂತು. ಹೆಂಗಸರ ಗುಂಪೊಂದು ಜನಪದ ಗೀತೆ ಹಾಡುತ್ತಿತ್ತು. ಹತ್ತರ ಸ್ವಿಚ್ಚು ಹಾಕಿದ. ಶಕ್ತಿ ಹತ್ತರಲ್ಲೊಂದಾಯಿತು, ದನಿ ಮಾತ್ರ ಹಾಗೆಯೇ ಇತ್ತು. ವ್ಹೀಲರನ ಉಪಾಯ ಒಳಗೆ ಕೂತು ಕೊರತೆಯನ್ನು ತುಂಬುತ್ತಿತ್ತು. ಅದನ್ನು ತೆಗೆದು ಇಪ್ಪತ್ತರದ್ದು ಹಾಕಿದಾಗ ದನಿಯ ಹಿಂದೆ ಒಲೆಯ ಮೇಲಿನ ಎಸರಿನಂಥ ಸಣ್ಣ ಸದ್ದು. ಹತ್ತನ್ನೂ ಸೇರಿಸಿದಾಗ ಆ ಸದ್ದು ಮುಂದಕ್ಕೆ ಬಂತು, ಹಾಡು ಹಿಂದಕ್ಕೆ ಸರಿಯಿತು. ಐದು ಸೇರಿದಾಗ ಹಾಡುವವರು ಹೆಂಗಸರೆಂಬುದಷ್ಟೇ ತಿಳಿಯುತ್ತಿತ್ತು. ಕೊನೆಗೆ ಮೂರು. ಈಗ 38. ಇಬ್ಬರೂ ಗ್ರಾಹಕಕ್ಕೆ ಕಿವಿ ಹಚ್ಚಿದೆವು. ಎಸರಿನ ಸದ್ದಿನ ತಳದಲ್ಲಿ ಏನೋ ಒಂದು ಮಿಡಿಯುತ್ತಿತ್ತು, ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅಳಿಯ ತಲೆಯಾಡಿಸಿ ಹೋಯಿತು ಎಂದ. ನಾನೂ ವಹಿಯಲ್ಲಿ, ಮೂವತ್ತೆಂಟಕ್ಕೆ ಏನೂ ಕೇಳದು ಎಂದು ಬರೆಯಹೊರಟೆ.

ಅಷ್ಟರಲ್ಲಿ ಅಕ್ಕ ಮಾಳಿಗೆಗೆ ಬಂದಳು, ನಮ್ಮಿಬ್ಬರನ್ನು ಊಟಕ್ಕೆ ಕರೆಯಲು. ಬಾಗಿಲಲ್ಲಿ ನಿಂತು ಒಂದು ಗಳಿಗೆ ಕೇಳಿದಳು. ಆಮೇಲೆ ತಾನಾಗಿಯೇ, ಬಹು ಮೆಲ್ಲಗೆ, ಆ ಸದ್ದಿನ ಜೊತೆಗೆ ಗುನುಗತೊಡಗಿದಳು.

"ಅವ್ವಾ, ನಿನಗ ಕೇಳಸ್ತೈತೇನು?" ಎಂದು ಮಗ ಕೇಳಿದ.

"ಬೀಸೂಕಲ್ಲಿನ ಹಾಡಲ್ಲೇನೋ ಅದು? ನಮ್ಮವ್ವ ಹಾಡತಿದ್ಲು" ಎಂದು ಹೇಳಿ, ರೊಟ್ಟಿ ಆರುತ್ತವೆಂದು ಕೆಳಗಿಳಿದು ಹೋದಳು.

ಅಳಿಯ ನನ್ನ ಮುಖ ನೋಡಿದ. ನಾನು ಬರೆದ ಸಾಲನ್ನು ಹೊಡೆದುಹಾಕಿದೆ. ಅವನು ಮೂರರ ಸ್ವಿಚ್ಚು ತೆಗೆದ, ಐದರದ್ದು ತೆಗೆದ, ಹತ್ತರದ್ದು ತೆಗೆದ. ಹಾಡು ಮೆಟ್ಟಿಲಿಳಿದು ಬಂದಂತೆ ಹತ್ತಿರ ಹತ್ತಿರ ಬಂತು. ಬೀಸುವ ಕಲ್ಲಿನದೇ ಹಾಡು ಅದು.